ಸ್ಲ್ಯಾಬ್ ದಿನದ ಅರ್ಧ ಲೀಟರ್

ನಮ್ಮಪ್ಪ ಇಪ್ಪತ್ತೈದು ವರ್ಷ ಹೈದರಾಬಾದಿನಲ್ಲಿ ಬೇರೆಯವರ ಕೈಕೆಳಗೆ ಗೌಂಡಿಯಾಗಿ ಗಾರೆ ಕೆಲಸ ಮಾಡಿದ. ಯಾದಗಿರಿ ಕಡೆಯಿಂದ ಬಂದ ನಮ್ಮವರಲ್ಲಿ ಮೇಸ್ತ್ರಿ ಆದವರು ಕಡಿಮೆ. ಮೇಸ್ತ್ರಿ ಅಂದರೆ ಮನೆಯ ಮಾಲೀಕನ ಜೊತೆ ತಾನೇ ಮಾತಾಡಿ, ಪೂರ್ತಿ ಕಟ್ಟಡದ ಹೊಣೆ ಹೊರುವವನು. ಅಪ್ಪನಿಗೆ ಆ ಅವಕಾಶ ಮೊದಲ ಸಲ ಬಂದದ್ದು ನಾನು ಬಿ.ಎಸ್ಸಿ ಪಾಸಾದ ವರ್ಷ. ನಾಚಾರಂನಲ್ಲಿ ಕಾರ್ಖಾನೆಗಳ ಹಿಂದಿನ ಗಲ್ಲಿಯೊಂದರಲ್ಲಿ ನಿವೃತ್ತ ಗುಮಾಸ್ತರೊಬ್ಬರು ಮನೆ ಕಟ್ಟಿಸುತ್ತಿದ್ದರು. ಕೆಳಗಿನ ಅಂತಸ್ತು ಚೆನ್ನಾಗಿ ಬಂದರೆ ಮೇಲಿನದೂ ನಿನಗೇ ಎಂದು ಅವರು ಅಪ್ಪನಿಗೆ ಹೇಳಿದ್ದರು. ಚೆನ್ನಾಗಿ ಬರುವುದು ಅಂದರೆ ಸ್ಲ್ಯಾಬ್. ಗೋಡೆ ಸೊಟ್ಟಗಾದರೆ ಪ್ಲಾಸ್ಟರಿನಲ್ಲಿ ಮುಚ್ಚಬಹುದು. ಸ್ಲ್ಯಾಬ್ ಕೆಟ್ಟರೆ ಮೇಸ್ತ್ರಿಯೇ ಕೆಟ್ಟ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹತ್ತನೆಯ ತನಕ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ, ಆಮೇಲೆ ಹೈದರಾಬಾದಿನ ಕಾಲೇಜು, ಇರುವುದು ಸೈಟಿನ ತಗಡಿನ ಶೆಡ್ಡು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಎದ್ದೆ. ಆ ಡಿಗ್ರಿಯನ್ನು ಯಾರೂ ನನಗೆ ಎತ್ತಿ ಕೊಡಲಿಲ್ಲ. ಆದರೆ ಅದು ಬಂದ ಮೇಲೆ ನನಗೊಂದು ಕೆಟ್ಟ ಅಭ್ಯಾಸವೂ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಪ್ಪನ ಮುಂದೆ ಒಪ್ಪಿಕೊಳ್ಳುವುದು ನಿಂತೇಹೋಯಿತು.

ಸ್ಲ್ಯಾಬ್ ಹಾಕುವ ದಿನ ಕೆಲಸ ನಡುವೆ ನಿಲ್ಲುವ ಹಾಗಿಲ್ಲ. ಬೆಳಿಗ್ಗೆ ಮಿಕ್ಸರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರೆ ಕೊನೆಯ ಪುಟ್ಟಿ ಸುರಿಯುವವರೆಗೆ ಒಂದೇ ಓಟ. ಕಾಂಕ್ರೀಟಿಗೆ ನಮ್ಮವರು ಮಾಲು ಅನ್ನುತ್ತಾರೆ. ಮಾಲು ಬಿದ್ದ ಕೂಡಲೇ ವೈಬ್ರೇಟರ್ ಮಷಿನ್ನಿನ ಪೈಪನ್ನು ಅದರೊಳಗೆ ಇಳಿಸಿ ನಡುಗಿಸಬೇಕು. ಆಗ ಅದು ಕಂಬಿಗಳ ಸಂದಿಗೆಲ್ಲ ಇಳಿದು ಗಟ್ಟಿಯಾಗಿ ಕೂರುತ್ತದೆ. ಹಾಗೇ ಬಿಟ್ಟರೆ ಜಲ್ಲಿ ಒಂದು ಕಡೆ, ಸಿಮೆಂಟು ಒಂದು ಕಡೆ, ಒಳಗೆಲ್ಲ ಪೊಳ್ಳು.

ಆ ಮಷಿನ್ನು ಪೆಟ್ರೋಲಿನದು. ಬಂಕಿನಲ್ಲಿ ಡಬ್ಬಿಗೆ ಹಾಕಲು ತಕರಾರು ಮಾಡುತ್ತಾರೆ. ಅದಕ್ಕೇ ನಮ್ಮ ಸೈಟುಗಳಲ್ಲಿ ಒಂದು ರೂಢಿ: ಸ್ಲ್ಯಾಬ್ ದಿನ ಮೇಸ್ತ್ರಿಯ ಬೈಕೇ ಪೆಟ್ರೋಲಿನ ಡಬ್ಬಿ. ಹಿಂದಿನ ದಿನ ಬೈಕಿಗೆ ಹಾಕಿಸಿಕೊಂಡು ಬರುವುದು, ಬೆಳಿಗ್ಗೆ ಟ್ಯಾಂಕಿನ ಬಾಯಿಗೆ ಸಣ್ಣ ನಳಿಗೆ ಇಳಿಸಿ, ಬಾಯಿಂದ ಎಳೆದು ಮಷಿನ್ನಿಗೆ ಬಿಡುವುದು. ಅವತ್ತು ಅಪ್ಪನೂ ಹಾಗೇ ಮಾಡಿದ. ಬಾಯಿಗೆ ಬಂದದ್ದನ್ನು ಉಗುಳಿ, "ತಮ್ಮಾ, ನೀರು ತಾ" ಅಂದ. ಚೊಂಬು ಕೊಟ್ಟವನು ನಾನೇ. ಎಷ್ಟು ಎಳೆದ, ಎಷ್ಟು ಉಳಿಯಿತು ಎಂದು ಕೇಳಲಿಲ್ಲ.

ಹತ್ತೂವರೆ ಹೊತ್ತಿಗೆ ಅರ್ಧ ಸ್ಲ್ಯಾಬ್ ಮುಗಿದು ನಡುವಿನ ದೊಡ್ಡ ಬೀಮಿನ ಹತ್ತಿರ ಬಂದಿದ್ದರು. ಆಗ ವೈಬ್ರೇಟರಿನ ಪೈಪಿನೊಳಗಿನ ತಂತಿ ತುಂಡಾಯಿತು. ಮಷಿನ್ನು ಸುಮ್ಮನೆ ಅರಚಿತು, ಪೈಪು ನಡುಗಲಿಲ್ಲ.

ಅಪ್ಪ ಮೇಲಿನಿಂದ ಕೂಗಿದ: "ಉಪ್ಪಲ್‌ದಾಗ ಬಾಡಿಗಿ ಅಂಗಡಿಗೆ ಹೋಗಿ ಬ್ಯಾರೆ ಪೈಪ್ ತಗೊಂಡ್ ಬಾ. ಫೋನ್ ಮಾಡೀನಿ, ಕೊಡ್ತಾನ. ಲಗೂ ಬಾ ತಮ್ಮಾ, ಮಾಲ್ ಕಟ್ಟತೈತಿ."

"ಅರ್ಧ ತಾಸಿನ್ಯಾಗ ಬಂದೆ."

ಅವ್ವ ಕೆಳಗೆ ಪುಟ್ಟಿಗೆ ಜಲ್ಲಿ ತುಂಬುತ್ತಿದ್ದಳು. "ಡಿಗ್ರಿ ಸಾಹೇಬ್ರು ಹೊಂಟಾರ, ದಾರಿ ಬಿಡ್ರೆವಾ" ಅಂದಳು. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಅಂಗಡಿಯವನು ಪೈಪು ತೆಗೆದೇ ಇಟ್ಟಿದ್ದ. ಅದನ್ನು ಹೆಗಲಿಗೆ ಸುತ್ತಿಕೊಂಡು ಬಂದೆ. ಹಬ್ಸಿಗೂಡದಲ್ಲಿ ನಾಚಾರಂ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದಾಗ ಬೈಕು ಕೆಮ್ಮಿತು. ಹಳೆಯ ಗಾಡಿ, ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಇರುವಂಥದ್ದು. ಕಾಕ್ ಆನ್ ಕಡೆ ಇದ್ದರೆ ಮೇಲಿನ ಪೆಟ್ರೋಲು ಇಳಿಯುತ್ತದೆ. ಅದು ಮುಗಿದರೆ ರಿಸರ್ವ್ ಕಡೆ ತಿರುಗಿಸಬೇಕು, ಆಗ ತಳದಲ್ಲಿ ಉಳಿದದ್ದು ಬರುತ್ತದೆ. ಓಡುತ್ತಿರುವಾಗಲೇ ಬಗ್ಗಿ ಕೈ ಹಾಕಿದೆ, ಅದು ಮೊದಲೇ ರಿಸರ್ವ್ ಕಡೆ ಇತ್ತು. ಇನ್ನೆರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಅಪ್ಪನ ನಳಿಗೆ ತಳದವರೆಗೆ ಎಳೆದಿತ್ತು.

ಬಿಸಿಲಲ್ಲಿ ತಳ್ಳತೊಡಗಿದೆ. ಪೈಪು ಹೆಗಲಿಂದ ಜಾರಿ ಜಾರಿ ಮೊಣಕಾಲಿಗೆ ಬಡಿಯುತ್ತಿತ್ತು. ಫೋನು ಹೊಡೆದುಕೊಂಡಿತು. ಅಪ್ಪ. ಎತ್ತಿ ಏನು ಹೇಳಲಿ? ಪೆಟ್ರೋಲು ಹಾಕಿಸಿ ಹೊರಟ ಮೇಲೆ ಎತ್ತೋಣ ಅಂದುಕೊಂಡೆ.

ಹಿಂದಿನಿಂದ ಬಂದ ಬೈಕಿನವನೊಬ್ಬ, "ಪೆಟ್ರೋಲ್ ಖತಂ ಕ್ಯಾ ಭಾಯ್? ಬೈಠೋ" ಅಂದ. ನಾನು ನನ್ನ ಗಾಡಿಯನ್ನೇ ಹತ್ತಿ ಕುಳಿತೆ. ಅವನು ತನ್ನ ಕಾಲನ್ನು ನನ್ನ ಗಾಡಿಯ ಫುಟ್‌ರೆಸ್ಟಿಗೆ ಕೊಟ್ಟು ತಳ್ಳಿಕೊಂಡು ಹೋಗಿ, ಪಂಕ್ಚರ್ ಅಂಗಡಿಯೊಂದರ ಮುಂದೆ ಬಿಟ್ಟು, ಹೆಸರು ಹೇಳುವಷ್ಟೂ ನಿಲ್ಲದೆ ಹೋದ.

ಪಂಕ್ಚರ್ ಅಂಗಡಿಯ ಚಾಚಾ ನೀರಿನ ಬಾಟಲಿಯಲ್ಲಿ ಪೆಟ್ರೋಲು ಇಟ್ಟು ಮಾರುತ್ತಿದ್ದ. ಉಳಿದಿದ್ದದ್ದು ಒಂದೇ ಬಾಟಲಿ, ಅರ್ಧ ಲೀಟರು. ಸುರಿದೆ. ಸುರಿದವನೇ ಕಾಕನ್ನು ಮತ್ತೆ ಆನ್ ಕಡೆ ತಿರುಗಿಸಿದೆ. ಹೊಸ ಪೆಟ್ರೋಲು ಬಿದ್ದಿದೆ, ರಿಸರ್ವ್ ಕಾಲ ಮುಗಿಯಿತು, ಹಾಕಿದ ಮೇಲೆ ಆನ್‌ಗೆ ತರುವುದೇ ಸರಿಯಾದ ಪದ್ಧತಿ. ಪದ್ಧತಿ ನನಗೆ ಗೊತ್ತಿತ್ತು.

ಕಿಕ್ ಹೊಡೆದೆ. ಹತ್ತಲಿಲ್ಲ. ಚೋಕ್ ಎಳೆದು ಹೊಡೆದೆ. ಇಪ್ಪತ್ತು, ಮೂವತ್ತು. ಎಣಿಸುವುದು ಬಿಟ್ಟೆ. ಒಂದು ಸಲ ಕಿಕ್ಕರ್ ತಿರುಗಿ ಬಂದು ಮೊಣಕಾಲ ಕೆಳಗೆ ಬಡಿಯಿತು, ಕಣ್ಣಲ್ಲಿ ನೀರು ಬಂತು.

ಚಾಚಾ ಆಟೊದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತದೆಯೇ, "ಮೇರೆ ಪೆಟ್ರೋಲ್ ಮೆ ಪಾನಿ ನಕ್ಕೋ ಬೋಲೋ ಬಾವಾ, ಪೈಲೇ ಬೋಲ್ ದೇರೂಂ" ಅಂದ. ತನ್ನ ಪೆಟ್ರೋಲಿಗೆ ನೀರು ಬೆರೆಸಿದ್ದಾನೆಂದು ನಾನು ಜಗಳ ತೆಗೆದೇನೆಂಬ ಭಯ ಅವನಿಗೆ.

"ನಹೀ ಚಾಚಾ."

"ಪಢೇ ಲಿಖೇ ದಿಖ್ತೇ. ದಮ್ ಲಗಾಕೆ ಮಾರೋ."

ಓದಿದವನ ಹಾಗೆ ಕಾಣುತ್ತೀಯ, ಜೋರಾಗಿ ಹೊಡಿ ಅಂದ. ಓದಿದವನು ಜೋರಾಗಿ ಹೊಡೆದ. ಫೋನು ಎರಡನೆಯ ಸಲ ಬಂತು, ಮೂರನೆಯ ಸಲ ಬಂತು. ಜೇಬಿನೊಳಗೇ ಅದರ ಬಾಯಿ ಮುಚ್ಚಿಸಿದೆ.

ಗಾಡಿ ಅಲ್ಲೇ ಬಿಟ್ಟು ಆಟೊ ಹತ್ತಬಾರದಿತ್ತೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಹತ್ತಬಹುದಿತ್ತು. ಆದರೆ ಮುಂದಿನ ಕಿಕ್ಕಿಗೆ ಹತ್ತುತ್ತದೆ ಎಂದು ಪ್ರತಿ ಕಿಕ್ಕಿನಲ್ಲೂ ಅನ್ನಿಸುತ್ತದಲ್ಲ, ಅದು ಬಿಡುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಬೀಮು. ಅದರೊಳಗೆ ಮಾಲು ನಿಮಿಷ ನಿಮಿಷಕ್ಕೂ ಬಿಗಿಯುತ್ತಿದೆ, ಅದನ್ನು ನಡುಗಿಸುವ ಪೈಪು ಇಲ್ಲಿ ರಸ್ತೆ ಬದಿಯ ಧೂಳಿನಲ್ಲಿ ಬಿದ್ದಿದೆ, ನಾನು ಕುದುರೆಗೆ ಒದ್ದ ಹಾಗೆ ಕಬ್ಬಿಣಕ್ಕೆ ಒದೆಯುತ್ತಿದ್ದೇನೆ. ಇಡೀ ರಸ್ತೆ ಓಡುತ್ತಿತ್ತು. ನಾನೊಬ್ಬ ಓಡುತ್ತಿರಲಿಲ್ಲ.

ನಾಲ್ಕನೆಯ ಕರೆ ಎತ್ತಿದೆ. ಎತ್ತದೆ ಬೇರೆ ದಾರಿ ಉಳಿದಿರಲಿಲ್ಲ.

"ಎಲ್ಲಿ ಅದಿ?" ಹಿಂದೆ ಮಿಕ್ಸರಿನ ಗದ್ದಲ, ಅದರ ಮೇಲೆ ಅಪ್ಪನ ದನಿ.

"ಹಬ್ಸಿಗೂಡ ದಾಟೀನಿ. ಪೆಟ್ರೋಲ್ ಮುಗಿದಿತ್ತು. ಹಾಕೀನಿ, ಚಾಲೂನೇ ಆಗವಲ್ದು ಅಪ್ಪಾ."

"ಎಷ್ಟ್ ಹಾಕಿ?"

"ಅರ್ಧ ಲೀಟರ್."

"ಕಾಕ್ ಯಾವ ಕಡಿ ಐತಿ?"

"ಆನ್."



"ಅರ್ಧ ಲೀಟರ್‌ಗೆ ಆನ್ ಮುಟ್ಟಂಗಿಲ್ಲೋ ತಮ್ಮಾ, ಅದರ ನಳಿಗಿ ಎತ್ತರ ಇರತೈತಿ. ರಿಜರ್ವ್‌ಗೆ ತಿರುವು. ಸ್ವಲ್ಪ ನಿಲ್ಲು, ಇಳೀಲಿ. ಆಮ್ಯಾಲ ಹೊಡಿ."

ತಿರುವಿದೆ. ನಿಂತೆ. ಮೂರನೆಯ ಕಿಕ್ಕಿಗೆ ಹತ್ತಿತು. ಚಾಚಾ, ನೋಡಿದೆಯಾ ಅನ್ನುವ ಹಾಗೆ, ಕೈ ಎತ್ತಿ "ದೇಖಾ?" ಅಂದ. ಮೊದಲ ಕರೆ ಬಂದಾಗಿನಿಂದ ಅಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು.

ಸೈಟು ಮುಟ್ಟಿದಾಗ ಮಿಕ್ಸರ್ ನಿಂತಿತ್ತು. ಅದರ ಸದ್ದಿಲ್ಲದ್ದರಿಂದಲೇ, ತಡವಾಯಿತೆಂದು ನನಗೆ ಅರ್ಥವಾಯಿತು. ಅವ್ವ ಮತ್ತು ಇನ್ನಿಬ್ಬರು ಹೆಂಗಸರು ಮೇಲೆ ಹತ್ತಿ, ಬೀಮಿನ ಮೇಲೆ ಸಾಲಾಗಿ ಬಗ್ಗಿ, ಕಬ್ಬಿಣದ ಸಳಿ ಹಿಡಿದು ಮಾಲನ್ನು ಕುಕ್ಕುತ್ತಿದ್ದರು. ಅಪ್ಪ ಮೊಣಕಾಲೂರಿ ಪಕ್ಕದ ಹಲಗೆಗಳಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದ. ನನ್ನ ಹೆಗಲಿಂದ ಪೈಪು ತೆಗೆದುಕೊಂಡ. ಮುಖ ನೋಡಲಿಲ್ಲ. ಮಷಿನ್ನಿಗೆ ಜೋಡಿಸಿ ಬೀಮಿನಲ್ಲಿ ಇಳಿಸಿದ. ಒಂದು ಕಡೆ ಇಳಿಯಿತು. ಇನ್ನೊಂದು ಕಡೆ ಗೇಣುದ್ದ ಹೋಗಿ ನಿಂತಿತು. ಅಲ್ಲಿಂದ ಆಚೆ ಹೋಗಲಿಲ್ಲ.

"ಸಾಕು ಬಿಡು" ಎಂದು ಅಪ್ಪನೇ ತನಗೆ ತಾನು ಹೇಳಿಕೊಂಡ. ಉಳಿದ ಸ್ಲ್ಯಾಬ್ ಸಂಜೆಯವರೆಗೆ ನಡೆಯಿತು.

ಕೈಕಾಲು ತೊಳೆಯುವಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಪೆಟ್ರೋಲ್ ಎಲ್ಲಾ ನಾನೇ ಎಳದಿದ್ದೆ. ಕಳಸೂಮುಂದ ಹೇಳಬೇಕಿತ್ತು" ಅಂದ. ಮೂರು ಸಲ ಫೋನು ಎತ್ತದೇ ಇದ್ದದ್ದರ ಮಾತನ್ನು ಅವನು ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ವಾರ ನೀರುಣಿಸಿ ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದೆವು. ಸ್ಲ್ಯಾಬಿನ ತಳ ಒಳ್ಳೆಯ ಹಲಗೆಯ ಹಾಗೆ ನುಣುಪಾಗಿ ಬಂದಿತ್ತು. ಬೀಮಿನಲ್ಲಿ ಮಾತ್ರ ಎರಡು ಮಾರು ಉದ್ದಕ್ಕೆ ಬರೀ ಜಲ್ಲಿ ಕಾಣುತ್ತಿತ್ತು, ಒಂದು ಕಡೆ ಒಳಗಿನ ಕಂಬಿಯೂ ಕಾಣುತ್ತಿತ್ತು. ಮಾಲೀಕರು ಬಂದು ಕತ್ತೆತ್ತಿ ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದು ಆ ಜಾಗವನ್ನು ಕುಟ್ಟಿದರು. ಎರಡು ಕಲ್ಲು ಉದುರಿದವು.

"ಇದೇಂಟಿ ಮೇಸ್ತ್ರೀ?" ಅಂದರು. ಇದೇನು ಅಂತ, ತೆಲುಗಿನಲ್ಲಿ.

"ತಪ್ಪು ನಾದೇ ಸಾರ್" ಅಂದ ಅಪ್ಪ, ತಪ್ಪು ನನ್ನದೇ ಅಂತ.

"ಸಾರ್, ಅದಿ..." ಎಂದು, ನಡೆದದ್ದನ್ನು ಹೇಳಲು ನಾನು ಶುರುಮಾಡಿದೆ.

"ತಮ್ಮಾ, ಸಿಮೆಂಟ್ ಕಲಸು ಹೋಗು."

ಅದು ಗದರಿಕೆಯಲ್ಲ. ಕೆಲಸ ಹೇಳಿದ ದನಿಯೇ. ಹೋದೆ. ಕಲಸಿ ತರುವಷ್ಟರಲ್ಲಿ ಮಾಲೀಕರು ಹೊರಟಿದ್ದರು. ಗಲ್ಲಿಯ ತುದಿಯಲ್ಲಿ ಅವರ ಸ್ಕೂಟರಿನ ಸದ್ದು ಕೇಳುತ್ತಿತ್ತು. ಅಪ್ಪ ಸ್ಟೂಲಿನ ಮೇಲೆ ನಿಂತು ಸಡಿಲ ಕಲ್ಲುಗಳನ್ನು ಕೆತ್ತಿ ಬೀಳಿಸಿ, ನೀರು ಚಿಮುಕಿಸಿ, ಕಲಸಿದ್ದನ್ನು ಒಂದೊಂದು ಸಂದಿಗೂ ಹೆಬ್ಬೆರಳಿನಿಂದ ಒತ್ತಿ ತುಂಬತೊಡಗಿದ. ನಾನು ಕೆಳಗೆ ಪುಟ್ಟಿ ಹಿಡಿದು ನಿಂತೆ.

"ಮ್ಯಾಲಿನ ಅಂತಸ್ತು ನಮಗ ಕೊಡಂಗಿಲ್ಲಲ್ಲ ಅಪ್ಪಾ?"

"ಇಲ್ಲ" ಅಂದ. "ಪುಟ್ಟಿ ಸ್ವಲ್ಪ ಎತ್ತಿ ಹಿಡಿ, ಕೈ ನಿಲಕವಲ್ದು."