ಬಣ್ಣದ ಮಾಸ್ತರರ ಕಣ್ಣು

ಮೊನ್ನೆ ರಬಕವಿಯ ಓಣಿಯೊಂದರಲ್ಲಿ ಒಣಹಾಕಿದ್ದ ಹಸಿ ನೂಲಿನಿಂದ ಸೋಡಾ ಬೆರೆತ ಬಣ್ಣದ ವಾಸನೆ ಬಂತು. ಬನಹಟ್ಟಿಯ ನಮ್ಮ ಬಣ್ಣದ ಕಾರ್ಖಾನೆಯ ಮಾಸ್ತರರು ನೆನಪಾದರು... ಸಾಲಿ ಮಾಸ್ತರರಲ್ಲ, ನೂಲಿಗೆ ಬಣ್ಣ ಹಾಕುವ ಮಾಸ್ತರರು. ನಾನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಬಣ್ಣದ ಪ್ರತಿ ತೊಟ್ಟಿಗೂ ಕಾವು ತೋರಿಸಿ ಅದನ್ನು ಹಿಡಿತದಲ್ಲಿಡುವ ಒಂದೊಂದು ಮೀಟರ್. ಎಲ್ಲವನ್ನೂ ಒಂದೇ ವೈರಿನಲ್ಲಿ ನನ್ನ ಕಂಪ್ಯೂಟರಿಗೆ ಜೋಡಿಸಿದ್ದರು. ಮೊದಲ ತೊಟ್ಟಿಯಲ್ಲಿ ಬಂದ ಕೆಂಪು ಮಾಲೀಕರಿಗೆ ಬಹಳ ಹಿಡಿಸಿತು. ಅದರ ಸೆಟ್ಟಿಂಗನ್ನೇ ಎಲ್ಲ ಮೀಟರಿಗೂ ಹಾಕಿಬಿಡಿ ಎಂದರು. ಹೊಸ ಯಂತ್ರವೆಂದರೆ ಮಾಸ್ತರರಿಗೆ ಹಾಲು-ಅನ್ನ ಉಂಡಷ್ಟು ಖುಷಿ. ನಾನು ತೋರಿಸಿದ ಗುಂಡಿಯನ್ನು ತಾವೇ ಒತ್ತಿದರು. ಒಂದರ ಸೆಟ್ಟಿಂಗ್ ಉಳಿದವಕ್ಕೆಲ್ಲ ನಕಲಾಯಿತು.

ಬೇರೆ ಬೇರೆ ತೊಟ್ಟಿಯ ನೂಲಿನ ಲಡಿಗಳು ಒಣಗಿದ ಮೇಲೆ ನೋಡಿದರೆ ಒಂದರ ಕೆಂಪು ಕುಂಕುಮದ ಕಡೆ, ಇನ್ನೊಂದರದು ಇಟ್ಟಂಗಿಯ ಕಡೆ! ಬಣ್ಣ ಅದೇ, ನೀರು ಅದೇ ಹೊಳೆಯದು, ಪರದೆಯ ಮೇಲೆ ಎಲ್ಲ ತೊಟ್ಟಿಗೂ ಒಂದೇ ಕಾವು. ನಮಗೆ ತಲೆಬುಡ ತಿಳಿಯಲಿಲ್ಲ. ಮಾಲೀಕರು ಲಡಿಗಿಂತ ಹೆಚ್ಚು ಪರದೆಯನ್ನೇ ನೋಡಿದರು.

"ಎಲ್ಲಾ ಒಂದ ಅದಾವ್ರೀ ಮಾಸ್ತರ. ನಿಮಗ ವಯಸ್ಸಾತು."

ಅವರು ಹೋದ ಮೇಲೆ ಮಾಸ್ತರರು ಎರಡು ಲಡಿ ಹಿಡಿದು ಬಿಸಿಲಿಗೆ ನಿಂತು ನನ್ನನ್ನು ಕರೆದರು.

"ಇವೆರಡೂ ಒಂದ ಕೆಂಪ ಅದಾವೇನ ನೋಡ ತಂಗಿ."

"ಇಲ್ರೀ, ನನಗೂ ಬ್ಯಾರೆ ಬ್ಯಾರೆ ಕಾಣಾಕತ್ತಾವ್ರೀ."

"ನನಗ ಬ್ಯಾಸರ ಆಗಬಾರದಂತ ಹಂಗಂತಿ. ಮಷಿನ್ ಯಾಕ ಸುಳ್ಳ ಹೇಳತೈತಿ? ನನ್ನ ಕಣ್ಣ ಹೋದುವು ಬಿಡು."

ಬಣ್ಣದವನಿಗೆ ಕಣ್ಣೇ ಹೋದರೆ ಇನ್ನೇನು ಉಳಿಯಿತು? ಅವರು ಕೆಲಸ ಬಿಟ್ಟರು.

ಮುಂದೆ ಆ ನೂಲಿನಿಂದ ನೇಯ್ದ ಸೀರೆಗಳಲ್ಲಿ ಪಟ್ಟೆ ಕಾಣಿಸಿ ಮಾಲು ವಾಪಸು ಬಂದಾಗ ರಿಪೇರಿಯವನನ್ನು ಕರೆಸಿದರು. ಮೀಟರಿಗೆ ಕಾವು ತಿಳಿಸುವ ಒಂದೊಂದು ತೊಟ್ಟಿಯೊಳಗಿನ ಥರ್ಮಾಮೀಟರಿನಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇತ್ತಂತೆ. ಅದನ್ನು ಸರಿದೂಗಿಸಲು ಜೋಡಿಸುವಾಗಲೇ ಪ್ರತಿ ಮೀಟರಿಗೂ ಬೇರೆ ಬೇರೆ ತಿದ್ದುಪಡಿ ಕೂಡಿಸಿದ್ದರು. ನಕಲು ಮಾಡಿದಾಗ ಅದೆಲ್ಲ ಅಳಿಸಿಹೋಗಿತ್ತು. ಪರದೆಯಲ್ಲಿ ಅಂಕಿ ಒಂದೇ, ತೊಟ್ಟಿಯಲ್ಲಿ ಕಾವು ಬೇರೆ! ಅವತ್ತೇ ಮಾಸ್ತರರ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ತಪ್ಪು ಮೀಟರಿನದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆತನಕ ಕೇಳಿ ನಕ್ಕರು.

"ಖರೇ ಹೇಳಾಕತ್ತೀಯೇನ?"

"ಖರೇನ ರೀ."

"ಅವತ್ತೂ ಹಿಂಗ ಅಂದಿದ್ದಿ, ತಂಗಿ. ಕುಂದ್ರು, ಚಾ ಕುಡಿದು ಹೋಗು."

ಮತ್ತೆ ಅವರು ಬಣ್ಣ ಮುಟ್ಟಲಿಲ್ಲ. ಈಗ ಅವರಿಲ್ಲ... ನಾನು ಎರಡು ಸಲವೂ ನಿಜವನ್ನೇ ಹೇಳಿದ್ದೆ. ಅದನ್ನು ನಂಬುವುದು ಅವರಿಗೇಕೆ ಅಷ್ಟು ಕಷ್ಟವಾಯಿತೋ, ಇಂದಿಗೂ ನನಗೆ ತಿಳಿಯದು.