ವಾರಗಿತ್ತಿ ಕಟ್ಟುವ ಪರದೆ

ಲಿನ್‌ಡಿ ಕಟ್ಟಿದ ಪರದೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಹೆಚ್ಚೇನಲ್ಲ, ಒಂದೆರಡು ಬೆರಳಿನಷ್ಟು. ಮದುವೆ ಮನೆಗೆ ಬಂದವರ ಪೈಕಿ ಹುಯಿಫೆನ್ ಒಬ್ಬಳಿಗೇ ಅದು ಕಾಣುತ್ತಿತ್ತು. ಮದುಮಕ್ಕಳ ಕೋಣೆಯ ಬಾಗಿಲಿಗೆ ಒರಗಿ, ಆ ಓರೆಯನ್ನೇ ನೋಡುತ್ತಾ, ಅವಳು ಸಿಹಿ ಚಹಾ ಕುಡಿದ ಮದುವೆಗಳಿಗೆ ಲೆಕ್ಕವಿಲ್ಲ.

ಪರದೆ ಇರುತ್ತಿದ್ದುದು ಹುಯಿಫೆನ್‌ಳ ಕರ್ಪೂರದ ಮರದ ಪೆಟ್ಟಿಗೆಯಲ್ಲಿ. ಅತ್ತೆಯ ಅಜ್ಜಿಯ ಕಾಲದ ಕೆಂಪು ರೇಷ್ಮೆ, ಮಂಚದಷ್ಟು ಅಗಲ. ನಡುವೆ ತಾವರೆ ಎಲೆಗಳ ಕೆಳಗೆ ಜೋಡಿ ಬಾತುಕೋಳಿ, ಗಂಡ ಹೆಂಡತಿ ಅಗಲದಿರಲಿ ಎಂದು. ಮೇಲೆ ಬಾಯಿಬಿಟ್ಟ ದಾಳಿಂಬೆ, ಮನೆ ತುಂಬ ಮಕ್ಕಳಾಗಲಿ ಎಂದು. ನಾಲ್ಕು ಮೂಲೆಗಳಲ್ಲಿ ಬಾವಲಿಗಳು, ಭಾಗ್ಯ ಎಲ್ಲ ಕಡೆಯಿಂದ ಹಾರಿ ಬರಲಿ ಎಂದು. ತಾಯಿಹು ಸರೋವರದ ದಂಡೆಯ ಆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಿಂದಿನ ದಿನ ಬೆಳಿಗ್ಗೆ ಮಂಚದ ಹಿಂದಿನ ಗೋಡೆಗೆ ಅದನ್ನು ಕಟ್ಟುತ್ತಿದ್ದರು. ಮದುಮಗಳು ಒಳಗೆ ಕಾಲಿಟ್ಟೊಡನೆ ದಾಳಿಂಬೆಯ ಬೀಜಗಳನ್ನು ಮುಟ್ಟಬೇಕು. ಮುಟ್ಟಿ ಮುಟ್ಟಿ ಎಳೆ ಸವೆಯುತ್ತದೆ. ಸವೆದ ಬೀಜಗಳನ್ನು ಮತ್ತೆ ತುಂಬುವವಳು ಹುಯಿಫೆನ್. ರೇಷ್ಮೆಯ ಒಂದು ಎಳೆಯನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಹೊಸ ಬಣ್ಣ ಹಳೆಯದರ ಪಕ್ಕ ಕಣ್ಣಿಗೆ ಹೊಡೆಯದಂತೆ ಚಹಾದ ನೀರಿನಲ್ಲಿ ಅದ್ದಿ, ಒಣಗಿಸಿ ಹೊಲಿಯುತ್ತಿದ್ದಳು. ಹೆಂಗಸರೆಲ್ಲ ಸೂಜಿಯಿಂದಲೇ ಬದುಕುವ ಆ ಊರಿನಲ್ಲೂ ಆ ಕೆಲಸಕ್ಕೆ ಬೇರೆ ಕೈ ಇರಲಿಲ್ಲ. ಅತ್ತೆ ಸಾಯುವಾಗ ಪೆಟ್ಟಿಗೆಯ ಬೀಗದ ಕೈಯನ್ನು ಹಿರಿಸೊಸೆಗೆ ಕೊಡದೆ ಇವಳಿಗೆ ಕೊಟ್ಟದ್ದು ಅದಕ್ಕೇ.

ಆದರೆ ಪರದೆಯನ್ನು ಗೋಡೆಗೆ ಕಟ್ಟುವ ಹಕ್ಕು ಅವಳಿಗಿರಲಿಲ್ಲ. ಅದನ್ನು ಪೂರ್ಣಭಾಗ್ಯದ ಹೆಂಗಸೇ ಕಟ್ಟಬೇಕು: ತಂದೆ ತಾಯಿ ಬದುಕಿರಬೇಕು, ಗಂಡ ಜೊತೆಗಿರಬೇಕು, ಗಂಡೂ ಹೆಣ್ಣೂ ಎರಡೂ ಮಕ್ಕಳಿರಬೇಕು. ಹುಯಿಫೆನ್ ವಯಸ್ಸಿನವರಿಗೆ ಸರ್ಕಾರ ಒಂದೇ ಮಗುವಿಗೆ ಅನುಮತಿ ಕೊಟ್ಟಿತ್ತು. ಅವಳಿಗೆ ಹೆಣ್ಣಾಯಿತು. ಅದೇ ಚಳಿಗಾಲ, ಅದೇ ಮನೆಯಲ್ಲಿ, ಅವಳ ಗಂಡನ ಅಣ್ಣನ ಹೆಂಡತಿ ಲಿನ್‌ಡಿ ಅವಳಿಜವಳಿ ಹೆತ್ತಳು, ಒಂದು ಗಂಡು, ಒಂದು ಹೆಣ್ಣು. ಹುಯಿಫೆನ್ ಮಗಳಿಗಾಗಿ ಅತ್ತೆ ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳನ್ನು ನೆರೆಮನೆಗಳಿಗೆ ಹಂಚಿದ್ದಳು. ಲಿನ್‌ಡಿಯ ಮಕ್ಕಳಿಗಾಗಿ ದೋಣಿ ಮಾಡಿಕೊಂಡು ಸರೋವರದ ಆಚೆ ದಡಕ್ಕೂ ಹೋಗಿ ಹಂಚಿದಳು. ಅಂದಿನಿಂದ ಊರಿನ ಮದುವೆಗಳಿಗೆಲ್ಲ ಲಿನ್‌ಡಿಯೇ ಪೂರ್ಣಭಾಗ್ಯದವಳು. ಆ ಪೀಳಿಗೆಯಲ್ಲಿ ಬೇರೆ ಯಾರಿದ್ದರು?

ಲಿನ್‌ಡಿಗೆ ಸೂಜಿ ಹಿಡಿಯಲು ಬಾರದು. ದಪ್ಪ ಕೈ, ದೊಡ್ಡ ದನಿ. ಸ್ಟೂಲು ಹತ್ತುವಾಗಲೇ "ಹಿಡ್ಕೊಳ್ರೇ, ನಾನು ಬಿದ್ರೆ ಮಂಚ ಮುರಿಯುತ್ತೆ, ಆಮೇಲೆ ಮದುಮಗ ನೆಲದ ಮೇಲೆ ಮಲಗ್ಬೇಕು" ಎಂದು ನಗಿಸುತ್ತಿದ್ದಳು. ಪರದೆಯ ಒಂದೊಂದು ಕುಣಿಕೆ ಸಿಕ್ಕಿಸುವಾಗಲೂ ಹಾರೈಕೆಯ ಒಂದೊಂದು ಮಾತು ಹೇಳಬೇಕು. ಅವು ಅವಳ ಬಾಯಲ್ಲಿ ತಾವಾಗಿ ಬರುತ್ತಿದ್ದವು. ಕೆಳಗೆ ನಿಂತ ಹೆಂಗಸರು ಪ್ರತಿ ಮಾತಿಗೂ "ಆಗಲಿ" ಎನ್ನುತ್ತಿದ್ದರು. ಹುಯಿಫೆನ್ ಕೂಡ ಎನ್ನುತ್ತಿದ್ದಳು, ತುಟಿ ಆಡಿಸಿ.

ಈ ಸಂಕಟವನ್ನು ಅವಳು ಯಾರಲ್ಲೂ ಹೇಳಿಕೊಂಡವಳಲ್ಲ. ಹೇಳುವುದಕ್ಕೆ ಏನೂ ಇರಲಿಲ್ಲ. ನಿಯಮ ನಿಯಮವೇ. ಲಿನ್‌ಡಿಗೆ ಅದೃಷ್ಟ ಹೊಟ್ಟೆಯಲ್ಲಿ ಬಂದು ಕೂತಿತು, ತನಗೆ ಕೂರಲಿಲ್ಲ, ಅಷ್ಟೆ. ಹಾಗೆಂದುಕೊಂಡರೆ ಉರಿ ಸ್ವಲ್ಪ ತಣಿಯುತ್ತಿತ್ತು.

ಆ ವಸಂತದಲ್ಲಿ ನೆರೆಮನೆಯ ಯಾಚಿನ್‌ಳ ಮಗನ ಮದುವೆ ಗೊತ್ತಾಯಿತು. ಯಾಚಿನ್ ಮತ್ತು ಹುಯಿಫೆನ್ ಚಿಕ್ಕಂದಿನಿಂದ ಒಂದೇ ಚೌಕಟ್ಟಿನ ಎದುರುಬದುರು ಕೂತು ಕಸೂತಿ ಮಾಡಿದವರು. ಮದುವೆಗೆ ವಾರವಿರುವಾಗ ಹುಯಿಫೆನ್ ದಾಳಿಂಬೆಗೆ ಬೇಕಾದ ಎಳೆ ತರಲು ಹೊಸ ಬಡಾವಣೆಯ ಪೇಟೆಗೆ ಹೋದಳು. ಮೀನಿನ ತೊಟ್ಟಿಗಳ ಮುಂದೆ ಅವಳ ಭಾವ, ಲಿನ್‌ಡಿಯ ಗಂಡ ಗೆನ್‌ರೊಂಗ್ ನಿಂತಿದ್ದ. ಮಲಗುವ ಉಡುಪಿನಲ್ಲಿ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಪಕ್ಕದ ಬೀದಿಯಲ್ಲೇ ಮನೆಯಿದ್ದವರು ಮಾತ್ರ ಬೆಳಿಗ್ಗೆ ಆ ವೇಷದಲ್ಲಿ ಪೇಟೆಗೆ ಬರುತ್ತಾರೆ. ಆದರೆ ಲಿನ್‌ಡಿ ಹೇಳುವಂತೆ ಅವನು ದೂರದ ವೂಶಿ ನಗರದಲ್ಲಿ, ಗೆಳೆಯನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ.

"ಅದಲ್ಲ, ಆ ದಪ್ಪದ್ದು ತಗೋ," ಎಂದಳು ಅವನ ಪಕ್ಕದಲ್ಲಿದ್ದ ಹೆಂಗಸು. "ನಿನ್ನೆ ತಂದಿದ್ದು ಬರೀ ಮುಳ್ಳು."

"ಆಯ್ತು, ಆಯ್ತು," ಎಂದ ಗೆನ್‌ರೊಂಗ್. ಈರುಳ್ಳಿ ಸೊಪ್ಪಿನ ಚೀಲ ಅವನ ಕೈಯಲ್ಲಿತ್ತು. ಲಿನ್‌ಡಿಯ ಜೊತೆಗಿದ್ದಾಗ ಅವನು ಚೀಲ ಹಿಡಿದದ್ದನ್ನು ಹುಯಿಫೆನ್ ಎಂದೂ ನೋಡಿರಲಿಲ್ಲ.

ಬಸ್ಸಿನಲ್ಲಿ ಕೂತು ಅವಳು ಎಲ್ಲವನ್ನೂ ಜೋಡಿಸಿಕೊಂಡಳು. ಲಿನ್‌ಡಿಯ ಸಂಸಾರವಿದ್ದ ಹಳೆಯ ಕೇರಿಯನ್ನು ಸರ್ಕಾರ ಕೆಡವಿ ಫ್ಲ್ಯಾಟು ಕೊಡುವಾಗ, ಬೇರೆ ಬೇರೆ ಸಂಸಾರವೆಂದು ತೋರಿಸಿದರೆ ಒಂದರ ಬದಲು ಎರಡು ಸಿಗುತ್ತಿತ್ತು. ಎಷ್ಟೋ ದಂಪತಿಗಳು ಕಾಗದದ ಮೇಲೆ ಬೇರೆಯಾಗಿ, ಫ್ಲ್ಯಾಟು ಕೈಗೆ ಬಂದಮೇಲೆ ಮತ್ತೆ ಮದುವೆ ನೋಂದಾಯಿಸಿಕೊಂಡಿದ್ದರು. ಲಿನ್‌ಡಿ, ಗೆನ್‌ರೊಂಗ್ ಕೂಡ ಬೇರೆಯಾಗಿದ್ದರು. ಮತ್ತೆ ನೋಂದಾಯಿಸಿಕೊಂಡರೇ ಎಂದು ಅವಳು ಕೇಳಿರಲಿಲ್ಲ. ಗೆನ್‌ರೊಂಗ್ ಎರಡನೆಯ ಫ್ಲ್ಯಾಟಿನಲ್ಲೇ ಉಳಿದುಬಿಟ್ಟಿದ್ದ.

ಅವಳಿಗೆ ಮೊದಲು ಅನ್ನಿಸಿದ್ದು ಅಯ್ಯೋ ಪಾಪ ಎಂದಲ್ಲ. ಹೊಟ್ಟೆಯೊಳಗೆ ಬಿಸಿ ಗಂಜಿ ಇಳಿದಂತೆ ಹಿತವಾಯಿತು. ಬೇಕಾದ ಎಳೆ ಕೊಳ್ಳಲು ಮರೆತದ್ದು ಮನೆಗೆ ಬಂದಮೇಲೆ ತಿಳಿಯಿತು.

ಮಾರನೆಯ ಮಧ್ಯಾಹ್ನ ಅವಳು ಯಾಚಿನ್‌ಳ ಜಗುಲಿಗೆ ಹೋದಳು. ಯಾಚಿನ್ ದಿಂಬಿನ ಗವಸಿಗೆ ಹೂ ಹಾಕುತ್ತಿದ್ದಳು.

"ಪರದೆ ಕಟ್ಟೋಕೆ ಯಾರನ್ನ ಕರೀತಿದ್ದೀಯ?"

"ಇನ್ಯಾರನ್ನ? ಲಿನ್‌ಡಿ ಅಕ್ಕನ್ನ."

"ಕರೆಯೋಕೆ ಮುಂಚೆ ಸ್ವಲ್ಪ ಯೋಚನೆ ಮಾಡು. ನಿನ್ನ ಮಗನ ಬಾಳಿನ ವಿಷಯ ಅಂತ ಹೇಳ್ತಿದ್ದೀನಿ, ನನಗೇನೂ ಆಗಬೇಕಾಗಿಲ್ಲ." ಹುಯಿಫೆನ್ ಪೇಟೆಯಲ್ಲಿ ಕಂಡದ್ದನ್ನು ಚಪ್ಪಲಿಯ ಸಮೇತ ಹೇಳಿದಳು.

ಯಾಚಿನ್ ತಲೆ ಎತ್ತಲಿಲ್ಲ. "ಗುಂಗುರು ಕೂದಲಿನವಳಾ? ಬಟ್ಟೆ ಹೊಲಿಯೋ ಅಂಗಡಿ ಇಟ್ಟಿದ್ದಾಳೆ."

"ನಿಂಗೆ ಗೊತ್ತಿತ್ತಾ?"

"ಊರಿಗೆಲ್ಲ ಗೊತ್ತು, ಹುಯಿಫೆನ್. ನಿನ್ನ ಗಂಡಂಗೂ ಗೊತ್ತು."

"ನಂಗೆ ಯಾರೂ ಹೇಳ್ಲಿಲ್ಲ."

ಯಾಚಿನ್ ದಾರ ಕಚ್ಚಿ ತುಂಡರಿಸಿದಳು. "ಲಿನ್‌ಡಿ ಅಕ್ಕಾನೇ ಬೇಡ ಅಂದ್ಲು. ಹುಯಿಫೆನ್‌ಗೆ ಹೇಳ್ಬೇಡಿ, ಅವಳು ಖುಷಿಪಟ್ಟು ಊಟ ಜಾಸ್ತಿ ಮಾಡ್ತಾಳೆ, ಬಿ.ಪಿ. ಇದೆ ಪಾಪ ಅಂದ್ಲು. ತಪ್ಪು ತಿಳ್ಕೋಬೇಡ, ತಮಾಷೆಗೆ ಅಂದಿದ್ದು."

"ಮತ್ತೆ ಪೂರ್ಣಭಾಗ್ಯದವಳು ಅಂತ ಅವಳನ್ನೇ ಕರೀತೀರಲ್ಲ."

"ಅವಳು ಬಂದ್ರೆ ಮನೇಲಿ ಕಳೆ ಇರುತ್ತೆ. ನನ್ನ ಸೊಸೆಯಾಗೋಳೂ ಅವಳೇ ಬೇಕು ಅಂತ ಕೇಳಿದ್ದಾಳೆ. ನಿಯಮ ಎಲ್ಲ ಈಗ ಯಾರು ನೋಡ್ತಾರೆ?"

ಹುಯಿಫೆನ್ ಮನೆಗೆ ಬಂದಳು. ಗಂಡ ಗೆನ್‌ಶಿಂಗ್ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದ. "ನಿಮ್ಮಣ್ಣನ ವಿಷಯ ನಂಗ್ಯಾಕೆ ಹೇಳ್ಲಿಲ್ಲ?" ಎಂದಳು. ಅವನು ಒಂದು ಸಿಪ್ಪೆಯನ್ನು ಪಕ್ಕಕ್ಕೆ ಎಸೆದು, "ಹೇಳಿದ್ರೆ ಏನ್ಮಾಡ್ತಿದ್ದೆ?" ಎಂದ. ಹುಯಿಫೆನ್ ಏನು ಮಾಡುತ್ತಿದ್ದಳೋ ಅದನ್ನೇ ಈಗತಾನೆ ಮಾಡಿ ಬಂದಿದ್ದಳು.

ಆದರೆ ಅವಳನ್ನು ಕೊರೆದದ್ದು ಅದಲ್ಲ. ನಿಯಮವನ್ನು ಊರಿನವರು ಯಾವತ್ತೋ ಕೈಬಿಟ್ಟಿದ್ದರು. ಬಿಟ್ಟಮೇಲೆ ಯಾರನ್ನು ಬೇಕಾದರೂ ಕರೆಯಬಹುದಿತ್ತು. ಪರದೆ ಒಯ್ಯಲು ಅವಳ ಮನೆ ಬಾಗಿಲಿಗೇ ಬರುತ್ತಿದ್ದ ಹೆಂಗಸರು ಒಂದು ಸಲವೂ "ಈ ಸಲ ನೀನೇ ಕಟ್ಟು" ಎನ್ನಲಿಲ್ಲ. ಲಿನ್‌ಡಿಗೋಸ್ಕರ ನಿಯಮ ಮುರಿದವರಿಗೆ ತನಗೋಸ್ಕರ ಮುರಿಯಬಹುದೆಂದು ಹೊಳೆಯಲೂ ಇಲ್ಲ. ಪೆಟ್ಟಿಗೆಯಲ್ಲಿದ್ದ ಹಳೆಯ ಎಳೆಗಳಲ್ಲೇ ಹೊಂದುವಂಥದ್ದನ್ನು ಆರಿಸಿ ಅವಳು ದಾಳಿಂಬೆಯ ಬೀಜಗಳನ್ನು ತುಂಬಿ ಮುಗಿಸಿದಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಹಾಗೆ ಚುಚ್ಚಿಸಿಕೊಂಡು ವರ್ಷಗಳೇ ಆಗಿದ್ದವು.

ಪರದೆ ಕಟ್ಟುವ ದಿನ ಬೆಳಿಗ್ಗೆ ಯಾಚಿನ್‌ಳ ಮನೆಯ ಮಹಡಿ ಕೋಣೆ ಹೆಂಗಸರಿಂದ ತುಂಬಿತ್ತು. ಬೇಗ ಮಕ್ಕಳಾಗಲಿ ಎಂದು ಹೊಸ ಹಾಸಿಗೆಯ ಮೇಲೆ ಖರ್ಜೂರ, ಕಡಲೆಕಾಯಿ, ತಾವರೆ ಬೀಜ ಚೆಲ್ಲಿದ್ದರು. ಲಿನ್‌ಡಿ ಕೆಂಪು ಜಾಕೆಟ್ಟು ಹಾಕಿಕೊಂಡು ಬಂದಳು. ಮಡಿಸಿದ ಪರದೆಯನ್ನು ಹುಯಿಫೆನ್ ಎರಡೂ ಕೈಯಲ್ಲಿ ನೀಡಿದಳು. ಲಿನ್‌ಡಿ ತೆಗೆದುಕೊಳ್ಳಲಿಲ್ಲ.

"ನಂಗೆ ಗಂಡ ಇಲ್ಲ ಅಂತ ಕಂಡುಹಿಡಿದ್ಯಂತೆ," ಎಂದಳು, ಎಲ್ಲರಿಗೂ ಕೇಳುವಂತೆ.

ಯಾಚಿನ್ ಕಿಟಕಿಯ ಕಡೆ ತಿರುಗಿದಳು.

"ನಾನು..." ಎಂದಳು ಹುಯಿಫೆನ್.

"ನಿಜಾನೇ ಅಲ್ವಾ. ನಿನ್ನ ಗಂಡ ಮನೇಲೇ ಇದ್ದಾನೆ. ಅಪ್ಪ ಅಮ್ಮ ಗಟ್ಟಿಯಾಗಿದ್ದಾರೆ. ಒಂದು ಮಗು ಕಮ್ಮಿ, ಇರಲಿ, ನನ್ನವೆರಡರಲ್ಲಿ ಒಂದನ್ನ ಇವತ್ತಿಗೆ ನಿನ್ನದು ಅಂತ ಅಂದ್ಕೋ. ಗಂಡೇ ಬೇಕಾದ್ರೆ ಗಂಡು. ಒಂದು ದಿನ ಇಟ್ಕೊಂಡ್ರೆ ನೀನೇ ವಾಪಸ್ ತಂದುಬಿಡ್ತೀಯ." ಹೆಂಗಸರು ನಗತೊಡಗಿದರು. "ಹತ್ತು, ಹತ್ತು. ನಂಗೆ ಮಂಡಿ ನೋವು."

ಬೇಡ ಎನ್ನುವಂತಿರಲಿಲ್ಲ. ಹುಯಿಫೆನ್ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದಳು. ಎಷ್ಟೋ ವರ್ಷ ಬಯಸಿದ್ದ ಜಾಗ ಅದು. ಲಿನ್‌ಡಿ ಅದನ್ನು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಷ್ಟು ಹಗುರವಾಗಿ ಬಿಟ್ಟುಕೊಟ್ಟಿದ್ದಳು. ಮೊದಲ ಕುಣಿಕೆ ಮೊಳೆಗೆ ಸಿಕ್ಕಿತು. ಈಗ ಹಾರೈಕೆಯ ಮಾತು ಹೇಳಬೇಕು. ಎಲ್ಲ ಮಾತೂ ಅವಳಿಗೆ ಬಾಯಿಪಾಠವಾಗಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ.

ಕೆಳಗಿನಿಂದ ಲಿನ್‌ಡಿ ಹೇಳಿದಳು, "ಬಾತುಕೋಳಿ ಜೋಡಿ ಬಂತು, ನೀರು ಬಿಟ್ಟು ಹೋಗದಿರಲಿ."

"ಆಗಲಿ," ಎಂದರು ಹೆಂಗಸರು.

"ಈ ಬಾತು ಆದ್ರೂ ಮೀನು ಪೇಟೆ ಕಡೆ ಹೋಗದಿರಲಿ."

ನಗುವಿನಲ್ಲಿ "ಆಗಲಿ" ಮುಳುಗಿಹೋಯಿತು. ದಾಳಿಂಬೆ, ಬಾವಲಿ, ತಾವರೆ, ಎಲ್ಲಕ್ಕೂ ಲಿನ್‌ಡಿಯೇ ಹೇಳಿದಳು. ಹುಯಿಫೆನ್ ಒಂದೊಂದೇ ಕುಣಿಕೆ ಸಿಕ್ಕಿಸಿದಳು. ಪರದೆ ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ತಿರುಗಿ ನೋಡಿದಾಗ ಕೋಣೆಯ ಮುಖಗಳೆಲ್ಲ ಲಿನ್‌ಡಿಯ ಕಡೆಗಿದ್ದವು.

"ಚಹಾ ಆರಿಹೋಗುತ್ತೆ, ಬನ್ನಿ," ಎಂದು ಯಾಚಿನ್ ಎಲ್ಲರನ್ನೂ ಕೆಳಗೆ ಕರೆದೊಯ್ದಳು. ಹುಯಿಫೆನ್ ತಾನೇ ಗೋಡೆ ಹಿಡಿದು ಸ್ಟೂಲಿನಿಂದ ಇಳಿದಳು. ಕೆಳಗೆ ಅಡುಗೆಮನೆಯಲ್ಲಿ ಯಾರೋ ಸಣ್ಣ ದನಿಯಲ್ಲಿ ಏನೋ ಕೇಳಿದರು. "ಅಯ್ಯೋ, ಅವನು ಅವಳಿಗೆ ಮೀನು ಉಜ್ಜಿ ಕೊಡ್ತಾನಂತೆ ಕಣ್ರೇ," ಎಂದು ಲಿನ್‌ಡಿ ಶುರುಮಾಡಿದಳು. "ನಮ್ಮನೇಲಿ ಇದ್ದಾಗ ಮೀನಿಗೆ ಹೊಟ್ಟೆ ಯಾವ ಕಡೆ ಅಂತಾನೂ ಗೊತ್ತಿರ್ಲಿಲ್ಲ." ಪಾತ್ರೆಗಳು ಅದುರುವಷ್ಟು ನಗು ಎದ್ದಿತು.

ಹುಯಿಫೆನ್ ಹಾಸಿಗೆಯ ಮೇಲಿನ ಸುಕ್ಕು ಎಳೆಯುತ್ತಾ ನಿಂತಿದ್ದಳು. ಗಂಡ ಬಿಟ್ಟುಹೋದದ್ದಕ್ಕೂ ಲಿನ್‌ಡಿಯ ಸುತ್ತ ಜನ ಸೇರಿ ಕಿವಿಗೊಡುತ್ತಾರೆ. ತನ್ನ ಗಂಡ ಇಷ್ಟು ವರ್ಷ ಬಾಗಿಲಲ್ಲೇ ಕೂತು ಅವರೆ ಸುಲಿದದ್ದು ಯಾರಿಗೆ ಬೇಕು. ಕೆಳಗೆ ಲಿನ್‌ಡಿ ದನಿ ತಗ್ಗಿಸಿದಳು. ಮುಂದಿನದು ಕೇಳಿಸಲಿಲ್ಲ. ಹುಯಿಫೆನ್ ಸುಕ್ಕನ್ನು ಬಿಟ್ಟು, ಸದ್ದಾಗದಂತೆ ಮೆಟ್ಟಿಲಿನ ಬಳಿ ಹೋಗಿ ನಿಂತಳು.