ಕ್ಯಾಪ್ಟನ್ ಮುಕರ್ರಂ ಸಾಹೇಬರ ಕಾಯ್ದೆ

ಬಾಡಿಗೆ ಹೆಲಿಕಾಪ್ಟರ್ ಹಾರಿಸುವ ಕ್ಯಾಪ್ಟನ್ ಮುಕರ್ರಂ ದೇವದುರ್ಗಕ್ಕೆ ಬಂದಾಗಲೆಲ್ಲ ಹೆಲಿಪ್ಯಾಡ್ ಕಾಯುವ ನನಗೆ ಗೊಂದಲವೇ. ಎಂಥ ದೊಡ್ಡವರನ್ನೂ ತೂಕ ನೋಡದೆ ಹತ್ತಿಸುವವರಲ್ಲ. ಕೊರಳ ಹೂಮಾಲೆಯನ್ನೂ ತೂಗುತ್ತಾರೆ. ಬಿಸಿಲೇರಿದರೆ ಒಬ್ಬರನ್ನು ಇಳಿಸಿಯೇಬಿಡುತ್ತಾರೆ. "ಬಿಸಿಲಾಗ ಮನಷ್ಯಾ ಭಾರ ಆಗ್ತಾನೇನ್ರಿ?" ಎಂದು ಕೇಳಿದೆ. "ಮನಷ್ಯಾ ಅಲ್ಲೋ, ಗಾಳಿ ತೆಳ್ಳಗಾಗ್ತದ, ಎತ್ತೋ ಬಲ ಕಡಿಮಿ ಆಗ್ತದ" ಎಂದರು. ನನಗೆ ತಿಳಿಯಲಿಲ್ಲ. ಮೊನ್ನೆ ಅವರ ಸ್ವಂತ ತಂಗಿ ಸೈಮಾಳನ್ನೇ ಹೆರಿಗೆಯ ತೊಂದರೆಯಿಂದ ಹೈದರಾಬಾದಿಗೆ ಒಯ್ಯಬೇಕಾಯಿತು. ಎಲ್ಲ ಸಿದ್ಧವಾದ ಮೇಲೆ, ಜೊತೆಯ ಪೈಲಟ್ ದೇವಿಕಾಗೆ ಹಾರಿಸಲು ಹೇಳಿ ಕ್ಯಾಪ್ಟನ್ ಕೆಳಗಿಳಿದರು. "ತಂಗೀನ ಬಿಟ್ಟು ಯಾಕ ಇಳದ್ರಿ ಸಾಹೇಬ್ರ?" ಎಂದು ಗಾಬರಿಯಿಂದ ಕೇಳಿದೆ. "ಮನಸ್ಸೆಲ್ಲಾ ಆಕಿ ಕಡೇನ ಅದ. ಮನಸ್ಸು ನೆಟ್ಟಗಿಲ್ಲದಾಗ ಹಾರಿಸಬಾರದು ಅಂತ ಕಾಯ್ದೆ ಅದ" ಎಂದರು. ಗಂಟೆಯ ಮೇಲೆ ದೇವಿಕಾ ಫೋನ್ ಮಾಡಿ, "ಮುಟ್ಟಿದ್ವಿ ಸರ್, ಸೈಮಾ ಮಾತಾಡಾಕತ್ತಾರ" ಎಂದರು. ಕ್ಯಾಪ್ಟನ್ ಫೋನನ್ನು ನನ್ನ ಕೈಗಿಟ್ಟರು; "ಚಲೋ ಆತ್ರಿ" ಎಂದು ನಾನೇ ಹೇಳಿದೆ.